ಹಸಿ ಡಾಂಬರು

ಹೊಳೆಯ ನಡುವೆ ಒಂದು ನಡುಗಡ್ಡೆ. ಅದರ ಮೇಲೊಂದು ಊರು. ಊರ ತುದಿಗೆ ಮಠ, ಮಠದಲ್ಲಿ ಒಬ್ಬ ಮುದಿ ಗುರು. ಊರವರೆಲ್ಲ ಅವರನ್ನು ಅಜ್ಜಾರ ಎಂದೇ ಕರೆಯುತ್ತಿದ್ದರು. ಅವರಿಗೆ ಇದ್ದವನು ಒಬ್ಬನೇ ಶಿಷ್ಯ, ಅಮರೇಶ.

ಆಚೆ ದಡ ಸೇರಲು ಇದ್ದದ್ದೂ ಒಂದೇ ಹರಿಗೋಲು, ಅಂಬಿಗರ ಯಂಕೋಬನದು. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದಿದ್ದ.

ದಿನಾ ಬೆಳಿಗ್ಗೆ ಅದೇ ಹರಿಗೋಲಿನಲ್ಲಿ ಪತ್ರಿಕೆ ಬರುತ್ತಿತ್ತು. ಅಜ್ಜಾರು ಅದನ್ನು ಬಿಚ್ಚುತ್ತಿರಲಿಲ್ಲ. ಕಟ್ಟೆಯ ಮೇಲೆ ಬೋರಲು ಹಾಕಿ ಮೇಲೊಂದು ಕಲ್ಲು ಇಡುತ್ತಿದ್ದರು. ಮರುದಿನ ಹೊಸ ಪತ್ರಿಕೆ ಬಂದ ಮೇಲೆ ಹಳೆಯದನ್ನು ಓದುತ್ತಿದ್ದರು.

ಒಮ್ಮೆ ಅಮರೇಶ ನಗುತ್ತ ಕೇಳಿದ. "ದಿನಾ ಹಳಸಿದ್ದನ್ನ ಉಣ್ಣತೀರಲ್ಲ ಅಜ್ಜಾರ?"

"ಹಳಸಿದ್ದು ಮೂಗಿಗೆ ಗೊತ್ತಾಗತೈತಿ ತಮ್ಮಾ. ಬೇಯದ್ದು ಹೊಟ್ಟಿಗೆ ಹೋದಮ್ಯಾಲೆ ಗೊತ್ತಾಗತೈತಿ."

ಅಮರೇಶನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅಜ್ಜಾರು ಅವನನ್ನು ಹೊಳೆದಂಡೆಗೆ ಕರೆದುಕೊಂಡು ಹೋದರು. ಯಂಕೋಬ ಆಗಷ್ಟೇ ಹರಿಗೋಲಿಗೆ ಹೊಸ ಡಾಂಬರು ಬಳಿದು ಮರಳಿನ ಮೇಲೆ ಬೋರಲು ಹಾಕಿದ್ದ.

"ಇದನ್ನ ಯಾವಾಗ ನೀರಿಗೆ ಬಿಡತಿ ಯಂಕೋಬ?"

"ಮೂರು ದಿನ ಆಗಬೇಕ್ರಿ."

"ಈಗ ನೋಡಾಕ ಗಟ್ಟಿನೇ ಕಾಣತೈತಲ್ಲ?"

"ಹಸಿ ಡಾಂಬರು ಕಣ್ಣಿಗೆ ಗಟ್ಟಿನೇ ಕಾಣತೈತ್ರಿ ಅಜ್ಜಾರ. ಅದರ ಹಕೀಕತ್ತು ನೀರಿಗೇ ಗೊತ್ತು."

ಅಮರೇಶ ತಲೆಯಾಡಿಸಿದ. ತಲೆಯಾಡಿಸುವುದು ಸುಲಭ.

ಆ ಊರಿಗೆ ಒಂದು ಸೇತುವೆ ಬೇಕಿತ್ತು. ಹೊಳೆ ತುಂಬಿದಾಗ ಊರು ಸೆರೆಮನೆ. ಅಮರೇಶನಿಗೆ ಹತ್ತು ವರ್ಷವಿದ್ದಾಗ ಅವನ ಅವ್ವ ಜ್ವರ ಬಂದು ಮೂರು ದಿನ ಇದೇ ಮರಳಿನ ಮೇಲೆ ನೆರೆ ಇಳಿಯುವುದನ್ನು ಕಾದಳು. ನಾಲ್ಕನೆಯ ದಿನ ನೆರೆ ಇಳಿಯಿತು. ಅವ್ವ ಇರಲಿಲ್ಲ.

ಯಂಕೋಬನ ಹೆಂಡತಿ ಹುಲಿಗೆಮ್ಮ ಜಿಲ್ಲಾ ಸಭೆಗೆ ಸದಸ್ಯೆಯಾಗಿ ಗೆದ್ದಿದ್ದಳು. ಸೇತುವೆ ತರುತ್ತೇನೆ ಎಂದು ಮಠದ ಹೊಸ್ತಿಲು ಮುಟ್ಟಿ ಹೇಳಿ ಗೆದ್ದವಳು. ಸೇತುವೆಯ ಮಾತು ಸಭೆಗೆ ಬರುವ ದಿನ ನಸುಕಿನಲ್ಲೇ ಹೊಳೆ ದಾಟಿ ಹೋದಳು. ಗಂಡ ಅವಳಿಗಾಗಿ ಆಚೆ ದಡದಲ್ಲೇ ಕಾದು ಕುಳಿತ.

ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಮಠದ ಮಾಳಿಗೆಯ ಮೇಲೆ ಮಾತ್ರ. ಅಮರೇಶ ಬೆಳಗಿನಿಂದ ಅಲ್ಲೇ ಇದ್ದ.

ಮಧ್ಯಾಹ್ನ ಫೋನು ಗುಂಯ್ ಎಂದಿತು. ಕೆಂಪು ಅಕ್ಷರದ ಸುದ್ದಿ. 'ಸೇತುವೆ ಗೊತ್ತುವಳಿಗೆ ನಡುಗಡ್ಡೆಯ ಸದಸ್ಯೆಯೇ ವಿರೋಧ.' ಕೆಳಗೆ ವಿಡಿಯೋ. ಬೇಡ ಎನ್ನುವವರ ಸಾಲಿನಲ್ಲಿ ಹುಲಿಗೆಮ್ಮ ಕೈ ಎತ್ತಿದ್ದಳು. ಹಸಿರು ಬಳೆಗಳೂ ಕಾಣುತ್ತಿದ್ದವು.

ಅಮರೇಶ ಓಡಿ ಬಂದ. ಅಜ್ಜಾರು ಪೂಜೆಗೆ ಕೂರುವ ಹೊತ್ತಾಗಿತ್ತು.

"ಅಜ್ಜಾರ, ನೋಡ್ರಿಲ್ಲೆ!"

ಅಜ್ಜಾರು ನೋಡಿದರು. "ಬೋರಲು ಹಾಕು" ಎಂದರು.

"ಫೋನನ್ನ?"

"ಹೂಂ. ಮ್ಯಾಲೊಂದು ಕಲ್ಲಿಡು."

"ಇದು ಗಾಳಿಮಾತಲ್ರಿ. ಕಣ್ಣಾರೆ ಕಾಣಾಕತ್ತೈತಿ. ಕೈ ಅಕಿದೇ ಐತಿ."

"ಕೈ ಅಕಿದೇ. ನಾನೂ ಒಪ್ಪತೀನಿ. ಕೈ ಎತ್ತೂಕಿಂತ ಮೊದಲ ಏನ್ ಕೇಳಿದ್ರು, ಅದನ್ನ ನೋಡಿದೇನು?"

"ಅದು ಇದರಾಗಿಲ್ರಿ."

"ಹಂಗಂದ್ರ ಬೋರಲು ಹಾಕು."

ಅಷ್ಟು ಹೇಳಿ ಅಜ್ಜಾರು ಪೂಜೆಗೆ ಕೂತರು. ಪೂಜೆ ಮುಗಿಯುವವರೆಗೆ ಅವರು ಮಾತಾಡುತ್ತಿರಲಿಲ್ಲ.

ಅಮರೇಶ ಫೋನನ್ನು ಬೋರಲು ಹಾಕಿದ. ಕಲ್ಲನ್ನೂ ಇಟ್ಟ. ಮನಸ್ಸಿನ ಮೇಲೆ ಇಡಲು ಕಲ್ಲಿರಲಿಲ್ಲ.

ಅವಳು ಹೀಗೇಕೆ ಮಾಡಿದಳು ಎಂದು ಯೋಚಿಸಿದ. ಉತ್ತರ ಹೊಳೆದಂಡೆಯಲ್ಲೇ ಇತ್ತು. ಸೇತುವೆ ಆದರೆ ಯಂಕೋಬನ ಹರಿಗೋಲನ್ನು ಯಾರು ಹತ್ತುತ್ತಾರೆ? ಗಂಡನ ಅನ್ನಕ್ಕಾಗಿ ಊರಿನ ಕುತ್ತಿಗೆ ಕೊಯ್ದಳು. ಎಲ್ಲ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಅವನಿಗೆ ಅನುಮಾನವೇ ಬರಲಿಲ್ಲ. ಮರಳಿನ ಮೇಲೆ ಮಲಗಿದ ಅವ್ವ ಕಣ್ಣಿಗೆ ಕಟ್ಟಿದಳು.

ಅವನು ಕಲ್ಲು ತೆಗೆದ.

ಮಠದ ಮೈಕು ಹೊಳೆಯ ಮಟ್ಟ ಹೇಳಲು, ಹರಿಗೋಲು ಬಿಡುವ ಹೊತ್ತು ಹೇಳಲು ಇದ್ದದ್ದು. ಅಮರೇಶ ಅದರಲ್ಲಿ ಸುದ್ದಿ ಓದಿದ. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಓದಿದ. ಓದಿ ಮುಗಿದ ಮೇಲೆ ಮಾತ್ರ ತನ್ನದೊಂದು ಮಾತು ಹೇಳಿದ.

"ಯಾಕಂತ ನಿಮಗೆಲ್ಲ ಗೊತ್ತೈತಿ."

ಮೂರು ಗಂಟೆಗೆ ಹರಿಗೋಲು ಈಚೆ ದಡಕ್ಕೆ ಬಂತು. ಮರಳಿನ ಮೇಲೆ ಊರೇ ನಿಂತಿತ್ತು. ಹುಲಿಗೆಮ್ಮ ನಗುತ್ತ ಇಳಿದಳು. ತನ್ನನ್ನು ಎದುರುಗೊಳ್ಳಲು ಬಂದಿದ್ದಾರೆ ಎಂದುಕೊಂಡಿದ್ದಳು, ಪಾಪ.

ಮೊದಲು ಬೈಗುಳ ಬಂದವು. ಆಮೇಲೆ ಕುಡಗೋಲು ಬಂತು. ಅವಳ ಮೈಮೇಲೆ ಯಾರೂ ಕೈ ಮಾಡಲಿಲ್ಲ, ನಾವು ಮರ್ಯಾದಸ್ತರು ಎಂದು ಆಮೇಲೆ ಹೇಳಿಕೊಂಡರು. ಹರಿಗೋಲನ್ನು ಸೀಳಿದರು. ಯಂಕೋಬ ಅದರ ಮೇಲೆ ಅಡ್ಡ ಬಿದ್ದ. ಅವನನ್ನು ಕಾಲು ಹಿಡಿದು ಎಳೆದು, ಮತ್ತೆ ಸೀಳಿದರು.

"ನಾಳಿ ಐತ್ರೋ! ನಾಳಿ ಹನ್ನೊಂದಕ್ಕ ಐತಿ!" ಎಂದು ಹುಲಿಗೆಮ್ಮ ಕೂಗುತ್ತಿದ್ದಳು.

"ಬಾಯಿ ಮುಚ್ಚ!" ಎಂದವರಲ್ಲಿ ಅಮರೇಶನೂ ಒಬ್ಬ.

ಅಜ್ಜಾರು ಪೂಜೆ ಮುಗಿಸಿ, ಕೋಲೂರಿಕೊಂಡು ಬರುವ ಹೊತ್ತಿಗೆ ಹರಿಗೋಲಿನಲ್ಲಿ ಸೀಳಲು ಏನೂ ಉಳಿದಿರಲಿಲ್ಲ. ಜನ ದಾರಿ ಬಿಟ್ಟರು.

"ಏನು ನಾಳಿ? ಹೇಳವ್ವಾ" ಎಂದರು ಅಜ್ಜಾರು.

ಹುಲಿಗೆಮ್ಮನಿಗೆ ಅಳು ಬರಲಿಲ್ಲ. ನಿಧಾನವಾಗಿ ಹೇಳಿದಳು.

"ಸೇತುವೆನ ನಮ್ಮೂರಿಂದ ತೆಗೆದು, ಕೆಳಗ ದೊಡ್ಡವರ ಹೊಲದ ಹತ್ತಿರ ಕಟ್ಟಬೇಕಂತ ಗೊತ್ತುವಳಿ ತಂದಿದ್ರು ಅಜ್ಜಾರ. ಅದು ಬ್ಯಾಡಂತ ಕೈ ಎತ್ತಿದೆ. ಅದು ಬಿತ್ತು. ನಮ್ಮೂರಿಗೇ ಕಟ್ಟಬೇಕಂತ ನಾಳಿ ಹನ್ನೊಂದಕ್ಕ ಕೈ ಎತ್ತಸ್ತಾರ. ನಾ ಹೋದ್ರ ನಮ್ಮ ಕಡಿ ಒಂದು ಕೈ ಹೆಚ್ಚು. ಹೋಗಲಿಲ್ಲಂದ್ರ ಎರಡೂ ಕಡಿ ಸಮ. ಸಮ ಆದ್ರ ಅಧ್ಯಕ್ಷರು ಬ್ಯಾಡಂತಾರ."

ಕುಡಗೋಲು ಹಿಡಿದಿದ್ದವನು ಅದನ್ನು ಬೆನ್ನ ಹಿಂದೆ ಮರೆ ಮಾಡಿದ.

"ಮತ್ತ ಅಲ್ಲೇ ಉಳಿಯೂದು ಬಿಟ್ಟು ಯಾಕ ಬಂದಿ ತಾಯಿ?" ಎಂದು ಒಬ್ಬ ಮುದುಕಿ ಕೇಳಿದಳು.

"ನಿಮಗೆಲ್ಲ ನಾನೇ ಹೇಳಬೇಕಂತ ಬಂದೆ."

ಆಮೇಲೆ ಊರಿನ ಕೈಗಳೆಲ್ಲ ಕೆಲಸಕ್ಕೆ ನಿಂತವು. ಸೀಳಿದವರೇ ಚೀಲ ತಂದರು. ಬೈದವರೇ ಡಾಂಬರು ಕಾಯಿಸಿದರು. ಅಮರೇಶ ದಬ್ಬಳ ಹಿಡಿದು ಚೀಲ ಹೊಲಿಯಲು ಕೂತ, ಬೆರಳಲ್ಲಿ ರಕ್ತ ಬಂದರೂ ಏಳಲಿಲ್ಲ. ಮಾಳಿಗೆ ಹತ್ತಿ ಆಚೆ ದಡದವರಿಗೆ ಫೋನು ಮಾಡಿ ದೋಣಿ ಕೇಳಿದರು. ಕಳಿಸುತ್ತೇವೆ, ನಾಳೆ ಕಳಿಸುತ್ತೇವೆ ಎಂದರು ಅವರು.

ಬೆಳಗಾಯಿತು. ತುಂತುರು ಮಳೆ. ಹೊಳೆ ಏರಿತ್ತು. ದೋಣಿ ಬಂದಿರಲಿಲ್ಲ.

ಯಂಕೋಬ ಡಾಂಬರಿಗೆ ಹೆಬ್ಬೆರಳು ಒತ್ತಿದ. ಬೆರಳು ಒಳಗಿಳಿಯಿತು.

"ಇದು ತಡಿಯಂಗಿಲ್ರಿ" ಎಂದ.

"ಇಳಸು" ಎಂದಳು ಹುಲಿಗೆಮ್ಮ.

ಇಳಿಸಿದರು. ಗಂಡ ಹೆಂಡತಿ ಇಬ್ಬರೂ ಹತ್ತಿದರು. ಹತ್ತು ಮಾರು ಹೋಗುವಷ್ಟರಲ್ಲಿ ನೀರು ಅವಳ ಪಾದ ಮುಚ್ಚಿತು. ಇಪ್ಪತ್ತು ಮಾರಿಗೆ ಮೊಣಕಾಲು ಮುಟ್ಟಿತು. ಅವಳು ಎರಡೂ ಬೊಗಸೆಯಿಂದ ನೀರು ಚೆಲ್ಲುತ್ತ "ನಡಿ, ನಡಿ" ಎನ್ನುತ್ತಿದ್ದಳು. ದಡದಲ್ಲಿ ನಿಂತವರಿಗೆಲ್ಲ ಕೇಳುತ್ತಿತ್ತು. ಯಂಕೋಬ ಅವಳ ಮಾತು ಕೇಳಲಿಲ್ಲ. ಹುಟ್ಟು ತಿರುಗಿಸಿ ದಡಕ್ಕೆ ತಂದ. ಅವನಿಗೆ ಸೇತುವೆಗಿಂತ ಹೆಂಡತಿ ದೊಡ್ಡವಳು. ಅದು ತಪ್ಪು ಎನ್ನುವ ಬಾಯಿ ಆ ಊರಲ್ಲಿ ಉಳಿದಿರಲಿಲ್ಲ.

ದೋಣಿ ಬಂತು. ಒಳ್ಳೆಯ ದೋಣಿ, ಮೋಟಾರಿನದು. ಒಂದೂವರೆಗೆ ಬಂತು.

ಅದಕ್ಕೂ ಮೊದಲೇ ಫೋನು ಗುಂಯ್ ಎಂದಿತ್ತು. ಅಮರೇಶ ಅದನ್ನು ಹಿಡಿದು ಮಾಳಿಗೆಯಿಂದ ಇಳಿದ. ಅಜ್ಜಾರು ಕಟ್ಟೆಯ ಮೇಲೆ ಕೂತಿದ್ದರು. ಅಂದು ಅವರು ಪೂಜೆಗೆ ಕೂತಿರಲಿಲ್ಲ.

"ಏನಂತ?"

"ನಡುಗಡ್ಡೆ ಸೇತುವೆಗೆ ಸೋಲು. ಸದಸ್ಯೆ ಹುಲಿಗೆಮ್ಮ ಗೈರು."

"ಮತ್ತ?"

"ಸುದ್ದಿ ಕೆಳಗ ಮಂದಿ ಬರದಾರ್ರಿ. ಯಾರೋ, ಎಲ್ಲಿಯವರೋ. ದುಡ್ಡು ತಿಂದು ಮನ್ಯಾಗ ಕೂತಾಳಂತ. ನೂರಾರು ಮಂದಿ ಬರದಾರ." ಅಮರೇಶ ಫೋನನ್ನು ಕಟ್ಟೆಯ ಮೇಲೆ ಕುಕ್ಕಿದ. "ಅವರಿಗೇನು ಗೊತ್ರಿ? ಅಕಿನ ಇವರು ನೋಡ್ಯಾರೇನು? ಏನಾತು, ಯಾಕಾತು, ಒಂದು ಮಾತು ಕೇಳಬಾರದೇನು?"

ಅಜ್ಜಾರು ಅವನ ಮುಖವನ್ನೇ ನೋಡಿದರು. ಅಮರೇಶ ತಲೆ ತಗ್ಗಿಸಿದ.

ಆಮೇಲೆ ಅವನೇ ಅಂದ. "ನೀವರೆ ನನ್ನ ತಡೀಬೇಕಿತ್ತು ಅಜ್ಜಾರ."

"ತಡೀಬೇಕಿತ್ತು. ಮೈಕಿನ ದನಿ ನನಗೂ ಕೇಳಿತ್ತು. ಪೂಜಿ ಅರ್ಧಕ್ಕ ಬಿಡಬಾರದಂತ ಕೂತೆ. ಶಿವ ಏನು ಓಡಿ ಹೋಗತಿದ್ನೇನು!"

ಹೊಳೆದಂಡೆಯಲ್ಲಿ ಹುಲಿಗೆಮ್ಮ ಹರಿಗೋಲಿನ ಪಕ್ಕ ಕೂತಿದ್ದಳು. ಒದ್ದೆ ಸೀರೆಯನ್ನೂ ಬದಲಿಸಿರಲಿಲ್ಲ. ಯಂಕೋಬ ಹರಿಗೋಲನ್ನು ಮತ್ತೆ ಬೋರಲು ಹಾಕುತ್ತಿದ್ದ. ಊರವರು ದೂರದಲ್ಲಿ ಗುಂಪಾಗಿ ನಿಂತಿದ್ದರು, ಹತ್ತಿರ ಬರುವ ಧೈರ್ಯ ಒಬ್ಬರಿಗೂ ಇರಲಿಲ್ಲ.

"ನಾ ಈಗ ಏನ್ ಮಾಡ್ಲಿ ಅಜ್ಜಾರ?"

ಅಜ್ಜಾರು ಎದ್ದರು. ಒಳಗೆ ಹೋಗಿ ಮೈಕು ತಂದು ಅವನ ಕೈಗೆ ಕೊಟ್ಟರು.

"ಸುದ್ದಿ ಖರೇನೇ ಐತಿ. ಊರಿಗೆಲ್ಲ ಕೇಳಂಗ ಓದು. ಓದಿದಮ್ಯಾಲೆ, ನಿನ್ನಿ 'ಯಾಕಂತ ನಿಮಗೆಲ್ಲ ಗೊತ್ತೈತಿ' ಅಂತ ನಿಂದೊಂದು ಮಾತು ಸೇರಿಸಿದ್ಯಲ್ಲ, ಅದನ್ನೂ ಹೇಳು."