ತುದಿಗದ್ದೆಯ ಮಣ್ಣು

ಶ್ರೀ ಕೆಂಚಾವಧೂತರು ಮಠ ಕಟ್ಟಲಿಲ್ಲ, ಪೀಠ ಏರಲಿಲ್ಲ. ಕೊನೆಯವರೆಗೂ ಹಿರೇಗುಂಡಿ ಕೆರೆಯ ನೀರುಗಂಟಿಯಾಗಿಯೇ ಉಳಿದರು. ತೂಬು ತೆಗೆದು, ಗದ್ದೆಯಿಂದ ಗದ್ದೆಗೆ ಇಳಿಯುವ ನೀರಿನ ಜೊತೆ ತಾವೂ ನಡೆದು, ತುದಿಗದ್ದೆಯ ಹಸಿಮಣ್ಣನ್ನು ಒಂದು ಹಿಡಿ ತಂದು ಏರಿಯ ಮೇಲಿಟ್ಟ ನಂತರವೇ ತೂಬು ಮುಚ್ಚುವರು. ಅನ್ನ ಮುಟ್ಟುವುದೂ ಆಮೇಲೆಯೇ. ಅವರಿಗೆ ಅದೇ ಪೂಜೆ.

ಒಂದು ಬೇಸಗೆ ಪಾಳೆಯಗಾರರ ಅಪ್ಪಣೆ ಬಂತು: ತೂಬಿನ ಬಳಿಯ ಅರಮನೆ ಗದ್ದೆ ತುಂಬಿದೊಡನೆ ನೀರು ನಿಲ್ಲಬೇಕು, ಉಳಿದದ್ದು ಅರಮನೆಯ ಕೊಳಕ್ಕೆ. ಅವಧೂತರು ಒಪ್ಪದೆ ಊರು ಒಪ್ಪದು. ಅವರನ್ನು ಒಪ್ಪಿಸಲು ಆಸ್ಥಾನದ ತರ್ಕಪಂಡಿತ ಸೇತುಮಾಧವಾಚಾರ್ಯರು ನಾಲ್ವರು ಭಟರೊಡನೆ ಬಂದರು. ಒಪ್ಪದಿದ್ದರೆ ಕೈಕಟ್ಟಿ ಎಳೆದು ತನ್ನಿ ಎಂಬುದೂ ಅಪ್ಪಣೆಯಲ್ಲಿತ್ತು.

ಆಚಾರ್ಯರು ವಾದದಲ್ಲಿ ಸೋತವರಲ್ಲ, ಆ ಹೆಮ್ಮೆಯೂ ಕಮ್ಮಿ ಇರಲಿಲ್ಲ. ಏರಿಯ ಮೇಲೆ ನಿಂತೇ ಶುರುಮಾಡಿದರು. ರಾಜನು ಶಿರಸ್ಸು, ಪ್ರಜೆಗಳು ಅಂಗಗಳು. ಶಿರಸ್ಸಿನ ಕ್ಷೇಮವೇ ದೇಹದ ಕ್ಷೇಮ. ಅರಮನೆ ತುಂಬಿದರೆ ನಾಡೇ ತುಂಬಿದಂತೆ, ಪರಮಶ್ರೇಯಸ್ಸೆಂದರೆ ಇದೇ ಎಂದು ಎಳೆಎಳೆಯಾಗಿ ಸಾಧಿಸಿದರು. ಬೆಳಗಿನಿಂದ ನೀರುಂಡು ತುಳುಕುತ್ತಿದ್ದ ಅರಮನೆ ಗದ್ದೆಯನ್ನೇ ಸಾಕ್ಷಿಗೆ ತೋರಿಸಿದರು. ಭಟರು ತಲೆದೂಗಿದರು, ಪಾಪ, ಅವರ ಕೆಲಸವೇ ಅದು.

ಅವಧೂತರು ಬನ್ನಿ ಎಂದು ಸನ್ನೆಮಾಡಿ ಬದುವಿನ ಮೇಲೆ ನಡೆದರು. ಆಚಾರ್ಯರು ಪಂಚೆ ಎತ್ತಿಕಟ್ಟಿ, ಗೊಣಗುತ್ತ, ಎರಡು ಸಲ ಜಾರಿಬಿದ್ದು ತುದಿ ಮುಟ್ಟಿದರು. ಭಟರೂ ಹಿಂದೆಯೇ ಬಂದರು. ಅಲ್ಲಿ ನೆಲ ಬಾಯಿಬಿಟ್ಟಿತ್ತು. ಗದ್ದೆಯೊಡತಿ ಮುದುಕಿ ಸಣ್ಣವ್ವ ಬಾಡಿದ ಪೈರಿನ ನಡುವೆ ನೀರಿನ ದಾರಿ ನೋಡುತ್ತ ನಿಂತಿದ್ದಳು.

"ತುದಿ ಗದ್ದೆ ನೆನೆದಿದ್ರೆ ಮೊದಲ್ನೇದೂ ನೆನೆದಿರ್ತದೆ, ಸ್ವಾಮಿ," ಎಂದರು ಅವಧೂತರು. "ಮೊದಲ್ನೇದು ನೆನೆದಿದ್ರೆ ತುದೀದೂ ನೆನೆದದೆ ಅಂತ ನಿಮ್ಮ ಶಾಸ್ತ್ರ ಹೇಳ್ತದಾ?"

ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂದಿಲ್ಲ. ಇದು ತರ್ಕದ ಮೊದಲ ಪಾಠ. ಮೂವತ್ತು ವರ್ಷ ಶಿಷ್ಯರಿಗೆ ಕಲಿಸಿದ್ದನ್ನೇ ಅರಮನೆಗಾಗಿ ತಲೆಕೆಳಗು ಮಾಡಿದೆನಲ್ಲ ಎಂದು ಆಚಾರ್ಯರಿಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಭಟರು ಅವಧೂತರ ಕೈಕಟ್ಟಲು ಮುಂದಾದಾಗ ಆಚಾರ್ಯರು ಅಡ್ಡ ನಿಂತರು. "ಪಂಡಿತ ಸೋತ ಅಂತ ಪ್ರಭುಗಳಿಗೆ ತಿಳಿಸಿ. ಕಟ್ಟುವುದಾದರೆ ನನ್ನ ಕೈ ಕಟ್ಟಿ."

ಅಷ್ಟರಲ್ಲಿ ಬದುಗಳ ಮೇಲೆ ಊರೇ ಇಳಿದುಬರುತ್ತಿತ್ತು. ಅವಧೂತರನ್ನು ಮುಟ್ಟುವ ಧೈರ್ಯ ಸಾಲದೆ ಭಟರು ಆಚಾರ್ಯರನ್ನೇ ಕಟ್ಟಿ ಒಯ್ದರು. ಆ ಸಂಜೆ ನೀರು ಸಣ್ಣವ್ವನ ಗದ್ದೆ ಮುಟ್ಟಿತು.

ಕೋಟೆಯಲ್ಲಿ ಪಾಳೆಯಗಾರರು, ನಾಡು ಕ್ಷೇಮವೆಂದು ಒಂದು ಸಾಲು ಬರೆದುಕೊಟ್ಟರೆ ಬಿಟ್ಟುಬಿಡುವೆವೆಂದರು. ಆಚಾರ್ಯರು ಕಟ್ಟಿದ ಕೈಗಳನ್ನೇ ಜೋಡಿಸಿ, "ಬರೆಯಬಹುದು, ಪ್ರಭು," ಎಂದರು. "ನಡೆಯಿರಿ, ಮೊದಲು ತುದಿಗದ್ದೆಯ ಸಣ್ಣವ್ವನನ್ನು ಕೇಳಿಬರೋಣ."