ಇನ್ನೊಂದು ಚೀಟಿ

ತುಂಗಭದ್ರೆಯ ದಡದ ಕ್ರೈಸ್ತ ಆಶ್ರಮ. ಗುರು ಸಿಲಾಸಯ್ಯನವರಿಗೆ ಆ ಬೆಳಿಗ್ಗೆ ತಾಳ್ಮೆ ಪೂರ್ತಿ ತೀರಿತ್ತು. ಕಾರಣ, ಶಿಷ್ಯ ಬೆನ್ಯಾಮೀನ.

ನದಿಯ ಆಚೆ ಕುಷ್ಠರೋಗಿಗಳ ಪುಟ್ಟ ಕೇರಿ. ಆಶ್ರಮದಿಂದ ಹೋಗಿ ಅಲ್ಲೇ ಉಳಿದು ಅವರ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದ ದೊರ್ಕಮ್ಮ ತೀರಿಕೊಂಡಿದ್ದರು. ಕೇರಿಯವರು ಅಂಬಿಗನ ಕೈಲಿ ಹೇಳಿಕಳಿಸಿದ್ದರು: ಕ್ರಿಸ್‌ಮಸ್‌ಗೆ ಬಂದು ಹಾಡಿದನಲ್ಲ, ಅವರ ಜಾಗಕ್ಕೆ ಆ ಬೆನ್ಯಾಮೀನ ಬರಲಿ.

ಬೆನ್ಯಾಮೀನ ಪ್ರಾರ್ಥನಾ ಕೋಣೆಯಲ್ಲಿ ಕೂತು ವಾಗ್ದಾನದ ಡಬ್ಬಿ ಕುಲುಕುತ್ತಿದ್ದ. ಹೊಸ ವರ್ಷದ ಆರಾಧನೆಯಲ್ಲಿ ಎಲ್ಲರೂ ಬೈಬಲ್ ವಚನದ ಚೀಟಿ ಎತ್ತುವ ಡಬ್ಬಿ ಅದು. ವರ್ಷಕ್ಕೆ ಒಬ್ಬರಿಗೆ ಒಂದೇ ಚೀಟಿ.

“ಏನು ಬಂತು?” ಅಂದರು ಸಿಲಾಸಯ್ಯನವರು.

“ಹೋಗು ಅಂತ ಬಂತು, ಅಯ್ಯನವರೇ.”

“ಸರಿ, ಹೊರಡು.”

“ಅದು ದೇವರು ಅಬ್ರಹಾಮನಿಗೆ ಹೇಳಿದ್ದು. ನನಗೂ ಹೌದೋ ಅಲ್ಲವೋ ಅಂತ ಇನ್ನೊಂದು ಎತ್ತಿದೆ.”

“ಅದರಲ್ಲಿ?”

“ಭಯಪಡಬೇಡ ಅಂತಿತ್ತು.”

“ಮತ್ತೇನು?”

“ಭಯ ಆಗ್ತಾನೇ ಇದೆಯಲ್ಲ. ಅಂದರೆ ಅದು ನನಗಲ್ಲ.”

ಸಿಲಾಸಯ್ಯನವರು ಹಣೆ ಚಚ್ಚಿಕೊಂಡರು. “ಇನ್ನೂ ಎತ್ತಿದೆಯಾ?”

“ಒಂದೇ ಒಂದು. ಸುಮ್ಮನೆ ಕಾದಿರು ಅನ್ನೋ ಥರದ್ದು. ಅದು ಸ್ವಲ್ಪ ಮನಸ್ಸಿಗೆ ಹಿಡಿಸಿತು.”

“ಹಿಡಿಸದೇ ಇರುತ್ತಾ, ಮಾರಾಯ!”

ದಡದಿಂದ ಅಂಬಿಗ ಕೂಗಿದ. “ಅಯ್ನೋರೇ, ಬಿಸಿಲೇರ್ತು! ಬರ್ತಾರೋ ಇಲ್ವೋ?”

ಬೆನ್ಯಾಮೀನನ ಕೈ ಮತ್ತೆ ಡಬ್ಬಿಗೆ ಹೋಯಿತು.

ಸಿಲಾಸಯ್ಯನವರು ಎದ್ದರು. ಪಟ್ಟಿ, ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡರು. ಕೋಲೂರಿಕೊಂಡು, ಕುಂಟುತ್ತ ಮೆಟ್ಟಿಲಿಳಿದರು. ಹರಿಗೋಲಿಗೆ ಒಂದು ಕಾಲು ಇಟ್ಟರು. ಅದು ವಾಲಿತು.

ಬೆನ್ಯಾಮೀನ ಓಡಿಬಂದು ಅವರ ರಟ್ಟೆ ಹಿಡಿದ.

“ನಿಮ್ಮ ಮಂಡಿ, ಅಯ್ಯನವರೇ! ಮೊದಲಿನ ಹಾಗೆ ಆಚೆ ದಡ ಹತ್ತೋದಕ್ಕಾಗುತ್ತಾ?”

“ಆಗಲ್ಲ.”

“ಮತ್ತೆ ಯಾಕೆ ಹೊರಟಿರಿ?”

“ಕರೆದಿದ್ದಾರೆ.”

“ಅವರು ಕರೆದದ್ದು ನನ್ನನ್ನಲ್ವಾ!”

ಹೇಳಿದವನು ನಾಲಿಗೆ ಕಚ್ಚಿಕೊಂಡ. ಅಂಬಿಗ ಬೇರೆ ಕಡೆ ತಿರುಗಿ ನಕ್ಕ.

“ಗೊತ್ತಿತ್ತಾ?” ಅಂದರು ಸಿಲಾಸಯ್ಯನವರು.

ಬೆನ್ಯಾಮೀನ ಅವರನ್ನು ದಡಕ್ಕೆ ಇಳಿಸಿ, ಹೆಗಲಿಂದ ಚೀಲ ತೆಗೆದುಕೊಂಡ. ಹರಿಗೋಲು ಹತ್ತಿ ಕೂತ.

“ಸಂಜೆಗೆ ವಾಪಸ್ ಬರಬಹುದಾ?”

“ದೊರ್ಕಮ್ಮ ಬರಲಿಲ್ಲ.”

ಬೆನ್ಯಾಮೀನ ನೀರನ್ನೇ ನೋಡುತ್ತ ಮೆಲ್ಲಗೆ ಹೇಳಿದ. “ಕ್ರಿಸ್‌ಮಸ್ ದಿನ ನಾನು ಒಳಗೆ ಹೋಗಲೇ ಇಲ್ಲ. ಬಾಗಿಲಲ್ಲೇ ನಿಂತು ಹಾಡಿದೆ. ವಾಸನೆ ತಡೆಯೋಕಾಗಲಿಲ್ಲ.”

“ನೋಡಿದ್ದೆ. ಅವರೂ ನೋಡಿದ್ದರು.”

“ನೋಡಿಯೂ ನನ್ನನ್ನೇ ಕರೆದರಾ?”

“ಹೂಂ.”

ಅಂಬಿಗ ಹುಟ್ಟು ಕೈಗೆತ್ತಿಕೊಂಡ.

“ಅಯ್ಯನವರೇ, ಭಯ ಇನ್ನೂ ಹೋಗಿಲ್ಲ.”

ಸಿಲಾಸಯ್ಯನವರು ಕೋಲಿನಿಂದ ಹರಿಗೋಲನ್ನು ನೀರಿಗೆ ತಳ್ಳಿದರು.

“ಅದನ್ನೂ ಪಕ್ಕದಲ್ಲೇ ಕೂರಿಸಿಕೊ. ಜಾಗ ಇದೆ.”