ದುರ್ಗವ್ವನ ಕುರ್ಚಿ

ಸೇವಾಸಂಸ್ಥೆಯೊಂದರಲ್ಲಿ ಸಮಾನತೆಯ ತರಬೇತಿ ನಡೆದಿತ್ತು. ಕಸ ಗುಡಿಸುವ ಹುಲಿಗೆಮ್ಮ ಎಂದಿನಂತೆ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು.

"ನಮ್ಮಲ್ಲಿ ಭೇದಭಾವ ಇಲ್ಲ ಅಂತ ಎಲ್ಲಾರ ಮುಂದ ಹೇಳು," ಎಂದರು ನಿರ್ದೇಶಕ ವಾದಿರಾಜರು.

ಹುಲಿಗೆಮ್ಮ ಕೈಮುಗಿದಳು. "ನಾ ಹೇಳ್ತೀನ್ರಿ ಸಾಹೇಬ್ರ. ದುರ್ಗವ್ವ ಒಪ್ಪವಲ್ಲಳ್ರಿ."

ದುರ್ಗವ್ವ ಅಲ್ಲಿ ಮೊದಲು ಕಸ ಗುಡಿಸುತ್ತಿದ್ದವಳು. ಸತ್ತು ಹನ್ನೆರಡು ವರ್ಷವಾಗಿತ್ತು.

"ದಿನಾ ಬರ್ತಾಳ್ರಿ. ಬದುಕಿದ್ದಾಗ ಯಾರೂ ಆಕಿಗೆ ಕುರ್ಚಿ ಕೊಡಲಿಲ್ಲ. ಈಗ ಒಂದೊಂದರ ಮ್ಯಾಲೂ ಕುಂತು ನೋಡ್ತಾಳ. ಸದ್ಯ ನಿಮ್ಮ ಬೆನ್ನಹಿಂದ ನಿಂತಾಳ."

ವಾದಿರಾಜರು ದಿಗ್ಗನೆದ್ದರು. "ಆಕಿಗೊಂದು ಕುರ್ಚಿ ಹಾಕ್ರೋ!"

ಮುಂದಿನ ಸಾಲಿನಲ್ಲೇ ಹಾಕಿದರು. ಹುಲಿಗೆಮ್ಮ ಹೋಗಿ ಅದರಲ್ಲಿ ಕೂತಳು. ಕಥೆ ಕಟ್ಟಿದ್ದು ಅವಳೇ. ಆದರೂ ಯಾರೋ ಈಗಷ್ಟೇ ಎದ್ದುಹೋದಂತೆ ಕುರ್ಚಿ ಬೆಚ್ಚಗಿತ್ತು. ಅವಳು ಏಳಲಿಲ್ಲ.

"ನೀನ್ಯಾಕ ಕುಂತಿ?" ಎಂದರು ವಾದಿರಾಜರು.

"ಖಾಲಿ ಬಿಟ್ರ ಆಕಿ ಬರ್ತಾಳ್ರಿ."

ಅಂದಿನಿಂದ ಹುಲಿಗೆಮ್ಮ ಬಂದು ಕೂರದೆ ಅಲ್ಲಿ ಯಾವ ಸಭೆಯೂ ಶುರುವಾಗಲಿಲ್ಲ.